ಕ್ರೂಸ್ ಹಡಗಿನ ಊಟದ ಹಾಲ್‌ಗೆ ಅಪ್ಪನ ಅಥಣಿ ಚಪ್ಪಲಿ ನಡೆಯುತ್ತಾ?

ಪ್ರಶ್ನೆ: ನಾವು ಪುಣೆಯ ಕೋಥ್ರೂಡ್‌ನಲ್ಲಿ ಇರುವವರು, ಮೂಲ ಬೆಳಗಾವಿ ಜಿಲ್ಲೆ. ಡಿಸೆಂಬರ್‌ನಲ್ಲಿ ಮುಂಬೈ-ಗೋವಾ ಕ್ರೂಸ್ ಬುಕ್ ಮಾಡಿದ್ದೇವೆ. ಮುಂದಿನ ವರ್ಷ ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೋದಾಗ ಅಲ್ಲಿಯ ದೊಡ್ಡ ಹಡಗಿನಲ್ಲೂ ಒಂದು ವಾರ ಹೋಗುವ ಯೋಚನೆ ಇದೆ. ನಮ್ಮ ಅಪ್ಪನಿಗೆ 74 ವರ್ಷ. ಧೋತರ, ನೆಹರು ಶರ್ಟು, ಕಾಲಿಗೆ ಅಥಣಿ ಚಪ್ಪಲಿ, ಇದು ಬಿಟ್ಟು ಬೇರೆ ಹಾಕಿದ್ದು ನಾನು ನೋಡಿಲ್ಲ. ಸಕ್ಕರೆ ಕಾಯಿಲೆ ಇದೆ, ಸಂಜೆ ಹೊತ್ತಿಗೆ ಪಾದ ಊದುತ್ತದೆ, ಶೂ ಹತ್ತುವುದಿಲ್ಲ. ಏಜೆಂಟ್ ನೋಡಿದರೆ ‘ಡೈನಿಂಗ್ ಹಾಲ್‌ಗೆ ಶೂ ಕಂಪಲ್ಸರಿ, ಚಪ್ಪಲಿ ಹಾಕಿದವರನ್ನು ಒಳಗೆ ಬಿಡಲ್ಲ’ ಅಂತಾನೆ. ಬೆಂಗಳೂರಿನ ಮಾಲ್‌ನಲ್ಲಿ ಪಂಚೆ ಉಟ್ಟ ಹಿರಿಯರನ್ನು ತಡೆದರಲ್ಲ, ಹಾಗೆ ಅಪ್ಪನಿಗೆ ಎಲ್ಲರೆದುರು ಅವಮಾನ ಆದರೆ ಅಂತ ಹೆದರಿಕೆ. ನಮ್ಮ ಯಜಮಾನರು ಕ್ರಾಕ್ಸ್ ಬಿಟ್ಟು ಇಳಿಯುವುದಿಲ್ಲ. ನಾನು ಹೀಲ್ಸ್ ತಗೋಬೇಕಾ? ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಮೊದಲು ಏಜೆಂಟ್ ಮಾತನ್ನು ಪಕ್ಕಕ್ಕಿಡಿ. ಶೂ ಕಂಪಲ್ಸರಿ ಅನ್ನೋದು ಸುಳ್ಳು. ನಾನು ಹಡಗುಗಳ ಡೈನಿಂಗ್ ಹಾಲ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು, ಮೊದಲು ತಟ್ಟೆ ಎತ್ತುವ ಅಸಿಸ್ಟೆಂಟ್ ವೇಟರ್ ಆಗಿ, ಆಮೇಲೆ ಬಾಗಿಲಲ್ಲಿ ನಿಂತು ಜನರನ್ನು ಮೇಜಿಗೆ ಕರೆದುಕೊಂಡು ಹೋಗುವವನಾಗಿ. ಈಗ ಮುಂಬೈಯಲ್ಲಿ, ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿಗೆ ಟ್ರೇನಿಂಗ್ ಕೊಡುತ್ತೇನೆ. ಹಾಗಾಗಿ ಬಾಗಿಲಲ್ಲಿ ನಿಂತವನ ಕಣ್ಣು ಏನನ್ನು ಹುಡುಕುತ್ತೆ ಅನ್ನೋದನ್ನು ಧೈರ್ಯವಾಗಿ ಹೇಳಬಲ್ಲೆ.

ಅವನು ಹುಡುಕೋದು ಈಜುಕೊಳದಿಂದ ಸೀದಾ ಎದ್ದು ಬಂದವರನ್ನು. ಒದ್ದೆ ಚಡ್ಡಿ, ತೋಳಿಲ್ಲದ ಬನಿಯನ್ನು, ಪಟಪಟ ಅನ್ನುವ ರಬ್ಬರ್ ಸ್ಲಿಪ್ಪರ್, ಇಲ್ಲಾ ಬರಿಗಾಲು. ಇಷ್ಟು ಇಲ್ಲದಿದ್ದರೆ ಅವನ ಕಣ್ಣು ಮುಂದಕ್ಕೆ ಹೋಗುತ್ತೆ. ಬಟ್ಟೆ ಮತ್ತು ಚಪ್ಪಲಿ ಒಂದಕ್ಕೊಂದು ಹೊಂದಿಕೊಂಡು, ‘ಇವರು ಊಟಕ್ಕೆ ಅಂತ ತಯಾರಾಗಿ ಬಂದಿದ್ದಾರೆ’ ಅಂತ ಕಂಡರೆ ಬೆರಳು ಕಾಣುತ್ತಾ ಇಲ್ವಾ ಅಂತ ಯಾರೂ ಬಗ್ಗಿ ನೋಡಲ್ಲ. ಇಸ್ತ್ರಿ ಮಾಡಿದ ಧೋತರ, ಬಿಳಿ ನೆಹರು ಶರ್ಟು, ಒರೆಸಿ ಎಣ್ಣೆ ಹಚ್ಚಿದ ಅಥಣಿ ಚಪ್ಪಲಿ ಹಾಕಿಕೊಂಡು ನಿಮ್ಮ ತಂದೆಯವರು ಬಂದರೆ, ಅವರ ಹಿಂದೆ ಸಾಲಿನಲ್ಲಿ ನಿಂತ ಹಾಫ್ ಪ್ಯಾಂಟಿನವನ ಬಗ್ಗೆಯೇ ನಮಗೆ ಚಿಂತೆ.

ಕಂಪನಿಗಳು ಬರೆದಿಟ್ಟಿರುವ ನಿಯಮ ನೋಡಿದರೂ ಇದೇ ಕಾಣುತ್ತೆ. ಅಮೆರಿಕದ ಕಾರ್ನಿವಲ್‌ನವರು ರಾತ್ರಿ ಊಟದ ಹಾಲ್‌ಗೆ ಬೇಡ ಅಂತ ಹೇಳುವುದು ಜಿಮ್ ಚಡ್ಡಿ, ಬಾಸ್ಕೆಟ್‌ಬಾಲ್ ಚಡ್ಡಿ, ಈಜುಡುಗೆ, ಕತ್ತರಿಸಿ ಚಡ್ಡಿ ಮಾಡಿದ ಜೀನ್ಸ್, ಗಂಡಸರ ತೋಳಿಲ್ಲದ ಅಂಗಿ ಮತ್ತು ಫ್ಲಿಪ್-ಫ್ಲಾಪ್. ಫ್ಲಿಪ್-ಫ್ಲಾಪ್ ಅಂದರೆ ನಮ್ಮ ಹವಾಯಿ ಚಪ್ಪಲಿ, ಅಷ್ಟೇ. ಚರ್ಮದ ಸ್ಯಾಂಡಲ್ ಆ ಪಟ್ಟಿಯಲ್ಲಿ ಬರಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಬರಿಗಾಲಲ್ಲಿ ಯಾವ ಊಟದ ಜಾಗಕ್ಕೂ ಹೋಗುವಂತಿಲ್ಲ, ಬಫೆಗೂ ಸೇರಿ. ನಾರ್ವೇಜಿಯನ್ ಕಂಪನಿ 2000ದ ಹೊತ್ತಿಗೆ ಫ್ರೀಸ್ಟೈಲ್ ಅಂತ ಶುರು ಮಾಡಿ, ಇಂಥದ್ದೇ ಮೇಜು, ಇಂಥದ್ದೇ ಹೊತ್ತು, ಕೋಟು-ಟೈ ಅನ್ನುವ ಗೋಜನ್ನೇ ಕಿತ್ತುಹಾಕಿತು. ಇನ್ನೊಂದು ತುದಿಯಲ್ಲಿ ಬ್ರಿಟಿಷರ ಕ್ಯುನಾರ್ಡ್ ಇದೆ. ಅಲ್ಲಿ ಸಂಜೆ 6ರ ನಂತರ ಹಡಗಿನ ಬಹುತೇಕ ಜಾಗಗಳಲ್ಲಿ ನೀಟಾದ ಉಡುಪು ಬೇಕು, ಗಾಲಾ ಸಂಜೆಗಳಲ್ಲಿ ಗಂಡಸರಿಗೆ ಟಕ್ಸಿಡೊ ಅಥವಾ ಕಪ್ಪು ಸೂಟು. ಅಷ್ಟು ಬಿಗಿ ಇರುವ ಕ್ಯುನಾರ್ಡ್ ಕೂಡ ಆಯಾ ದೇಶದ ಸಾಂಪ್ರದಾಯಿಕ ಔಪಚಾರಿಕ ಉಡುಪನ್ನು ಒಪ್ಪುತ್ತೆ. ಸ್ಕಾಟ್ಲೆಂಡಿನವನು ಮೊಣಕಾಲು ಕಾಣುವ ಕಿಲ್ಟ್ ಉಟ್ಟು ಬರುತ್ತಾನಲ್ಲ, ನಮ್ಮ ಧೋತರಕ್ಕೆ ಏನು ಕಮ್ಮಿ?

ಈ ನಿಯಮ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತೆ. ಅಟ್ಲಾಂಟಿಕ್ ದಾಟುತ್ತಿದ್ದ ಹಳೆಯ ಹಡಗುಗಳಲ್ಲಿ ಫಸ್ಟ್ ಕ್ಲಾಸ್‌ನವರು ರಾತ್ರಿ ಊಟಕ್ಕೆ ಡಿನ್ನರ್ ಜಾಕೆಟ್ ತೊಟ್ಟು ಬರುತ್ತಿದ್ದರು. ಆದರೆ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಅವರಿಗೂ ವಿನಾಯಿತಿ ಇತ್ತು, ಯಾಕಂದ್ರೆ ಮೊದಲ ದಿನ ಪೆಟ್ಟಿಗೆ ಬಿಚ್ಚಿರುತ್ತಿರಲಿಲ್ಲ, ಕೊನೆಯ ದಿನ ಕಟ್ಟಿ ಆಗಿರುತ್ತಿತ್ತು. ಈ ಪದ್ಧತಿಯ ನೆರಳು ಇವತ್ತಿಗೂ ಇದೆ. ಒಂದು ವಾರದ ಕ್ರೂಸ್‌ನಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ ಮಾತ್ರ ಡ್ರೆಸ್ ಮಾಡಿಕೊಳ್ಳುವ ರಾತ್ರಿ. ಉಳಿದ ದಿನ ಸ್ಮಾರ್ಟ್ ಕ್ಯಾಶುಯಲ್, ಅಂದರೆ ನಿಮ್ಮ ಆಫೀಸಿನ ಶುಕ್ರವಾರದ ಬಟ್ಟೆ. ಎರಡು ರಾತ್ರಿಯ ಮುಂಬೈ-ಗೋವಾ ಟ್ರಿಪ್‌ನಲ್ಲಿ ಮೊದಲ ರಾತ್ರಿ, ಕೊನೆಯ ರಾತ್ರಿ ಬಿಟ್ಟರೆ ಇನ್ಯಾವ ರಾತ್ರಿ ಉಳೀತು ಹೇಳಿ!

ನಮ್ಮ ಕಡೆಯ ಹಡಗಿನ ಊಟಕ್ಕೆ ಇಷ್ಟು ಇತಿಹಾಸವೇನೂ ಇರಲಿಲ್ಲ. ಮುಂಬೈಯ ಭಾವುಚಾ ಧಕ್ಕಾದಿಂದ ಪಣಜಿಗೆ ಹೋಗುತ್ತಿದ್ದ ಕೊಂಕಣ ಸ್ಟೀಮರ್‌ಗಳಲ್ಲಿ ಜನ ಡೆಕ್ ಮೇಲೆ ಚಾಪೆ ಹಾಸಿ, ಮನೆಯಿಂದ ಕಟ್ಟಿ ತಂದ ಬುತ್ತಿ ಬಿಚ್ಚುತ್ತಿದ್ದರು. ಚಪ್ಪಲಿ ತಲೆದಿಂಬಿನ ಕೆಳಗೆ. ಕಳುವಾಗಬಾರದಲ್ಲ!

ಈಗಿನ ಕಥೆಗೆ ಬರೋಣ. ಮುಂಬೈನಿಂದ 2021ರ ಸೆಪ್ಟೆಂಬರ್‌ನಲ್ಲಿ ಓಡಲು ಶುರುವಾದ ಕೊರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು, ಇಲ್ಲಿಗೆ ಬರುವ ಮೊದಲು ರಾಯಲ್ ಕೆರಿಬಿಯನ್‌ನಲ್ಲಿತ್ತು. ಹಾಲ್‌ನ ನಕ್ಷೆ ಅಮೆರಿಕದವರದ್ದು, ಕೂರುವ ಜನ ಮಾತ್ರ ಘಾಟ್‌ಕೋಪರ್, ಠಾಣೆ, ಪುಣೆಯವರು. ಇಂಥ ಹಡಗಿನಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು ಎಲ್ಲ ಸೇರಿ ಬರುತ್ತಾರೆ, ಕುರ್ತಾ, ಸೀರೆ, ಪಂಜಾಬಿ ಡ್ರೆಸ್ ಮಾಮೂಲು. ನಿಮ್ಮ ಯಾವ ಹಡಗು ಅಂತ ನೀವು ಬರೆದಿಲ್ಲ. ಯಾವುದೇ ಇರಲಿ, ಟಿಕೆಟ್ ಜೊತೆ ಬರುವ ಸೂಚನೆಗಳಲ್ಲಿ ಉಡುಪಿನ ಬಗ್ಗೆ ಇರುವ ಸಾಲನ್ನು ನೀವೇ ಓದಿ, ಏಜೆಂಟ್ ಬಾಯಲ್ಲಿ ಕೇಳಬೇಡಿ. ಅನುಮಾನ ಉಳಿದರೆ ಕಂಪನಿಗೆ ಒಂದು ಮೇಲ್ ಹಾಕಿ: ‘ನಮ್ಮ ತಂದೆಗೆ 74 ವರ್ಷ, ಸಕ್ಕರೆ ಕಾಯಿಲೆಯಿಂದ ಪಾದ ಊದುತ್ತದೆ, ಮುಚ್ಚಿದ ಶೂ ಹಾಕಲಾಗದು, ಸಾಂಪ್ರದಾಯಿಕ ಧೋತರದ ಜೊತೆ ಚರ್ಮದ ಚಪ್ಪಲಿ ಹಾಕುತ್ತಾರೆ, ರಾತ್ರಿ ಊಟದ ಹಾಲ್‌ನಲ್ಲಿ ಇದು ಸರಿಯೇ?’ ಉತ್ತರ ಬಂದ ಮೇಲೆ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪಾಪ, ಬಾಗಿಲಲ್ಲಿ ನಿಂತ ಹುಡುಗ ಹೊಸಬ ಇರಬಹುದು, ನಿಯಮಕ್ಕಿಂತ ತನ್ನ ಮ್ಯಾನೇಜರ್‌ಗೇ ಜಾಸ್ತಿ ಹೆದರುವವನು. ಲಿಖಿತದಲ್ಲಿ ತೋರಿಸಿದರೆ ಅವನಿಗೂ ನೆಮ್ಮದಿ.

ಮಾಲ್ ಪ್ರಸಂಗದ ಬಗ್ಗೆ ನೀವು ಬರೆದದ್ದು ಸರಿಯಾದ ಭಯವೇ. 2024ರ ಜುಲೈನಲ್ಲಿ ಅದಾಯಿತು, ಆ ಮಾಲನ್ನು ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರವೇ ಹೇಳಿತು. ಅದಕ್ಕೆ ಹತ್ತು ವರ್ಷ ಮೊದಲು ಚೆನ್ನೈನ ಕ್ಲಬ್ಬೊಂದರಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ತಡೆದಿದ್ದರು, ಅದರಿಂದ ತಮಿಳುನಾಡಿನಲ್ಲಿ 2014ರಲ್ಲಿ ಕಾನೂನೇ ಬಂತು. ಇಲ್ಲೇ ಮುಂಬೈಯ ವಿಲಿಂಗ್ಡನ್ ಕ್ಲಬ್‌ನಲ್ಲಿ ಬರಿಗಾಲಿನ ಚಿತ್ರಕಾರ ಎಂ.ಎಫ್. ಹುಸೇನ್ ಅವರನ್ನು ಹೊರಗೆ ಕಳಿಸಿದ್ದು 1980ರ ದಶಕದ ಹಳೇ ಸುದ್ದಿ. ಕ್ಲಬ್‌ಗಳ ಈ ಗತ್ತು ಬ್ರಿಟಿಷರು ಬಿಟ್ಟುಹೋದದ್ದು, ನಾವು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದೇವೆ. ಕ್ರೂಸ್ ಹಡಗು ಹಾಗಲ್ಲ, ಅದು ವ್ಯಾಪಾರ. ದುಡ್ಡು ಕೊಟ್ಟು ಬಂದ ಹಿರಿಯರನ್ನು ಹಸಿದ ಹೊಟ್ಟೆಯಲ್ಲಿ ವಾಪಸ್ ಕಳಿಸಿದರೆ ಮರುದಿನ ಬೆಳಿಗ್ಗೆ ರಿಸೆಪ್ಷನ್‌ನಲ್ಲಿ ದೂರು, ಟ್ರಿಪ್ ಮುಗಿದ ಮೇಲೆ ಕೆಟ್ಟ ರೇಟಿಂಗ್. ಹಾಗಾಗಿ ಯಾರನ್ನಾದರೂ ತಡೆಯಲೇಬೇಕಾದಾಗಲೂ ನಮಗೆ ಕಲಿಸಿದ್ದು, ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ‘ಸರ್, ನಿಮ್ಮ ಮೇಜು ಹಿಡಿದಿಟ್ಟಿರುತ್ತೇನೆ, ರೂಮಿಗೆ ಹೋಗಿ ಬದಲಾಯಿಸಿ ಬನ್ನಿ, ಇಲ್ಲದಿದ್ದರೆ ಮೇಲೆ ಬಫೆ ತೆರೆದಿದೆ’ ಅನ್ನುವುದು. ಎಲ್ಲರೆದುರು ಗದರುವ ಮಾತೇ ಇಲ್ಲ.

ಹಾಗಾದರೆ ಚಪ್ಪಲಿಯ ಬಗ್ಗೆ ಇಷ್ಟು ತಲೆಬಿಸಿ ಯಾಕೆ ಅಂತೀರಾ? ಅರ್ಧ ಅಂದಕ್ಕೆ, ಅರ್ಧ ಕಾಲು ಉಳಿಸಿಕೊಳ್ಳುವುದಕ್ಕೆ. ಊಟದ ಹೊತ್ತಿನಲ್ಲಿ ಆ ಹಾಲ್ ಒಳಗೆ ಏನು ನಡೆಯುತ್ತೆ ನೋಡಿ. ವೇಟರ್ ಭುಜದ ಮೇಲೆ ದೊಡ್ಡ ಟ್ರೇ, ಅದರಲ್ಲಿ ಸ್ಟೀಲ್ ಮುಚ್ಚಳ ಹಾಕಿದ ಬಿಸಿ ತಟ್ಟೆಗಳು ಒಂದರ ಮೇಲೊಂದು. ಎರಡು ಮೇಜಿನ ನಡುವೆ ಒಬ್ಬರು ಮಾತ್ರ ನುಸುಳುವಷ್ಟು ಜಾಗ. ಹಡಗು ಒಂದು ಕಡೆ ಮೆಲ್ಲಗೆ ವಾಲುತ್ತೆ, ಯಾರದೋ ವೈನ್ ಗ್ಲಾಸ್ ಕೆಳಗೆ ಬಿದ್ದು ಒಡೆಯುತ್ತೆ. ಕಾರ್ಪೆಟ್ ಮೇಲೆ ಒಡೆದ ತೆಳು ಗಾಜು ಕಣ್ಣಿಗೆ ಕಾಣಲ್ಲ, ಎಷ್ಟು ಗುಡಿಸಿದರೂ ಒಂದೆರಡು ಚೂರು ಉಳಿದೇ ಉಳಿಯುತ್ತೆ. ಅಲ್ಲಿ ಬರಿಗಾಲಿಟ್ಟರೆ ಏನಾಗುತ್ತೆ ಹೇಳಬೇಕಿಲ್ಲ. ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಬೇರೆ. ಚುಚ್ಚಿದ್ದೂ ಗೊತ್ತಾಗದೆ ಗಾಯ ಬಲಿಯುವ ಪಾದ ಅದು.

ಇಲ್ಲಿ ನಮ್ಮ ಹಿರಿಯರದ್ದೇ ಆದ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಊಟದ ಕೋಣೆ ಅಂದ ಕೂಡಲೇ ಚಪ್ಪಲಿ ಹೊಸ್ತಿಲ ಹೊರಗೆ. ಹಾಲ್ ಬಾಗಿಲ ಪಕ್ಕ, ಹೂಕುಂಡದ ಹಿಂದೆ, ಜೋಡಿಸಿ ಬಿಟ್ಟ ಚಪ್ಪಲಿಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅರ್ಧ ಗಂಟೆಯಲ್ಲಿ ಕ್ಲೀನಿಂಗ್‌ನವರು ಬಂದು ‘ಯಾರೋ ಮರೆತು ಹೋಗಿದ್ದಾರೆ’ ಅಂತ ಎತ್ತಿಕೊಂಡು ಹೋಗಿ ಲಾಸ್ಟ್ ಅಂಡ್ ಫೌಂಡ್‌ಗೆ ಕೊಡುತ್ತಾರೆ, ಊಟ ಮುಗಿಸಿ ಬಂದ ಅಜ್ಜ ಬರಿಗಾಲಲ್ಲಿ ನಿಂತಿರುತ್ತಾರೆ. ನಿಮ್ಮ ತಂದೆಯವರಿಗೆ ಮೊದಲೇ ಹೇಳಿಡಿ. ಚಪ್ಪಲಿ ಕಾಲಲ್ಲೇ ಇರಲಿ. ಕೂತ ಮೇಲೆ ಮೇಜಿನ ಬಟ್ಟೆಯ ಕೆಳಗೆ ಕಾಲು ಸಡಿಲಿಸಿಕೊಂಡರೆ ಯಾರಿಗೂ ಕಾಣಲ್ಲ, ಯಾರೂ ಕೇಳಲ್ಲ. ಏಳುವಾಗ ಮಾತ್ರ ಮರೆಯದೆ ಮೆಟ್ಟಿಕೊಳ್ಳಲಿ.

ಈಗ ಆ ಅಥಣಿ ಚಪ್ಪಲಿಯ ಬಗ್ಗೆ. ಅದಕ್ಕೆ ಮರ್ಯಾದೆ ಇಲ್ಲ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. 2019ರಲ್ಲಿ ಇದೇ ಜಾತಿಯ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ (ಇಂಥ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಥೇಟ್ ಅಂಥದ್ದೇ ಚಪ್ಪಲಿ ಹಾಕಿಸಿ ಗಂಡಸರನ್ನು ನಡೆಸಿದರು. ಎಲ್ಲಿಯದ್ದು ಅಂತ ಹೇಳದೆ ನಡೆಸಿದ್ದಕ್ಕೆ ಗಲಾಟೆಯಾದ ಮೇಲೆ ಭಾರತದ ಕೈಕಸುಬಿನಿಂದ ಬಂದದ್ದು ಅಂತ ಒಪ್ಪಿಕೊಂಡರು. ಇಟಲಿಯ ರ‍್ಯಾಂಪ್ ಮೇಲೆ ನಡೆಯುವುದು ಹಡಗಿನ ಊಟದ ಹಾಲ್‌ನಲ್ಲಿ ಯಾಕೆ ನಡೆಯಬಾರದು?

ಅಂದ ಎಲ್ಲ ಸರಿ, ಆದರೆ ಹಡಗಿಗೆ ಆ ಚಪ್ಪಲಿ ಒಗ್ಗುವುದು ಕಷ್ಟ, ಅದನ್ನೂ ಹೇಳಿಬಿಡ್ತೀನಿ. ಚರ್ಮದ ತಳ ನುಣುಪಾಗಿರುತ್ತೆ. ಕಾರ್ಪೆಟ್ ಮೇಲೆ ತೊಂದರೆ ಇಲ್ಲ, ಲಿಫ್ಟ್ ಮುಂದಿನ ನುಣುಪು ಕಲ್ಲಿನ ನೆಲದಲ್ಲಿ, ಡೆಕ್ ಮೇಲಿನ ಒದ್ದೆ ಮರದ ಹಲಗೆಯಲ್ಲಿ ಸರ್‍ರಂತ ಜಾರುತ್ತೆ. ಡೆಕ್‌ಗೆ ಹೋಗುವ ಬಾಗಿಲುಗಳಿಗೆ ನೀರು ಒಳಗೆ ಬಾರದಂತೆ ಎತ್ತರದ ಹೊಸ್ತಿಲು ಇರುತ್ತೆ, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಅಲ್ಲಿ ಎಡವಿಸುತ್ತೆ. ಉಪ್ಪುನೀರು ಬಿದ್ದರಂತೂ ಚರ್ಮ ಬಿರುಸಾಗಿ ಮುರುಟಿಕೊಳ್ಳುತ್ತೆ. ಹೊರಡುವ ಮೊದಲು ನಿಮ್ಮ ಏರಿಯಾದ ಚಮ್ಮಾರರ ಹತ್ತಿರ ತಳಕ್ಕೆ ಒಂದು ತೆಳು ರಬ್ಬರ್ ಶೀಟ್ ಅಂಟಿಸಿ ಹೊಲಿಸಿ. ಮೇಲಿನಿಂದ ನೋಡಿದರೆ ಗೊತ್ತೇ ಆಗಲ್ಲ, ಹಿಡಿತ ಮಾತ್ರ ಚೆನ್ನಾಗಿ ಬರುತ್ತೆ. ಹೊಸ ಜೋಡಿ ತಗೊಂಡು ಸೀದಾ ಹಡಗು ಹತ್ತಿಸಬೇಡಿ. ಅದು ಪಾದಕ್ಕೆ ಒಗ್ಗುವವರೆಗೆ ಕಚ್ಚುತ್ತೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿರುವ ಸಕ್ಕರೆ ಕಾಯಿಲೆಯವರಿಗೆ ಹೆಬ್ಬೆರಳಿಗೆ ಉಂಗುರ ಇರುವ, ಬೆರಳ ಸಂದಿಗೆ ಪಟ್ಟಿ ಬರುವ ಚಪ್ಪಲಿ ಬೇಡ ಅಂತ ಡಾಕ್ಟರುಗಳು ಹೇಳುತ್ತಾರೆ. ಆದ್ದರಿಂದ ಎರಡು ಜೋಡಿ ಒಯ್ಯಿರಿ. ಇಡೀ ದಿನದ ಓಡಾಟಕ್ಕೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಎಂಸಿಆರ್ (ಮೆತ್ತನೆಯ ರಬ್ಬರಿನ) ಸ್ಯಾಂಡಲ್, ಕಪ್ಪು ಬಣ್ಣ, ಹಿಂದೆ ಬೆಲ್ಟ್ ಇರುವಂಥದ್ದು, ವೆಲ್ಕ್ರೊ ಪಟ್ಟಿಯದ್ದು. ಪಾದ ಊದಿದಾಗ ಪಟ್ಟಿ ಸಡಿಲಿಸಬಹುದು, ಬೆಳಿಗ್ಗೆ ಬಿಗಿ ಮಾಡಬಹುದು. ರಾತ್ರಿ ಒಂದು ಗಂಟೆ ಕೂತು ಊಟ ಮಾಡುವುದಕ್ಕೆ ಡಾಕ್ಟರ್ ಒಪ್ಪಿದರೆ ಅಥಣಿ ಚಪ್ಪಲಿ. ಒಪ್ಪದಿದ್ದರೆ ಅದೇ ಕಪ್ಪು ಎಂಸಿಆರ್, ಧೋತರದ ಅಂಚಿನ ಕೆಳಗೆ ಅದನ್ನು ಗುರುತಿಸುವವರು ಯಾರು? ಅಮೆರಿಕದ ಹಡಗಿಗೂ ಇದೇ ಮಾತು. ಅಲ್ಲಿ ಬುಕ್ ಮಾಡುವಾಗಲೇ ಆರೋಗ್ಯದ ಅಗತ್ಯ ಏನಿದೆ ಅಂತ ತಿಳಿಸುವ ವ್ಯವಸ್ಥೆ ಇರುತ್ತೆ, ಅದರಲ್ಲಿ ಬರೆಸಿ. ಕಾಯಿಲೆಗೆ ಬೇಕಾದ ಚಪ್ಪಲಿ ಅಂತ ಗೊತ್ತಾದರೆ ಯಾವ ಡೈನಿಂಗ್ ಮ್ಯಾನೇಜರೂ ಚಕಾರ ಎತ್ತಲ್ಲ.

ಟೋಪಿ ಹಾಕುತ್ತಾರಾ ಅಪ್ಪ? ಗಾಂಧಿ ಟೋಪಿ, ರುಮಾಲು ಉಡುಪಿನ ಭಾಗ, ಅದಕ್ಕೆ ಅಡ್ಡಿ ಇಲ್ಲ. ಬೇಸ್‌ಬಾಲ್ ಕ್ಯಾಪ್ ಮಾತ್ರ ತೆಗೆಯಿರಿ ಅಂತಾರೆ. ಲುಂಗಿ, ಅದೂ ಮಂಡಿಗೆ ಎತ್ತಿ ಕಟ್ಟಿದ್ದು ರಾತ್ರಿ ಹಾಲ್‌ಗೆ ಬೇಡ. ನಮ್ಮ ಕರಾವಳಿಯವರಿಗೆ ಇದು ಸ್ವಲ್ಪ ಕಷ್ಟದ ಮಾತು, ನಾನೂ ಅಲ್ಲಿಯವನೇ.

ನಿಮ್ಮ ಯಜಮಾನರ ಕ್ರಾಕ್ಸ್ ವಿಷಯದಲ್ಲಿ ನನಗೆ ಕರುಣೆ ಇಲ್ಲ. ಹಗಲು ಡೆಕ್ ಮೇಲೆ, ಬೆಳಗಿನ ತಿಂಡಿಯ ಬಫೆಗೆ ಧಾರಾಳವಾಗಿ ಹಾಕಲಿ, ಒದ್ದೆ ನೆಲಕ್ಕೆ ಅದು ಒಳ್ಳೆಯದೇ. ರಾತ್ರಿ ಹಾಲ್‌ಗೆ ಒಂದು ಲೋಫರ್, ಇಲ್ಲ ಬಿಳಿ ಪಟ್ಟಿ-ಗಿಟ್ಟಿ ಇಲ್ಲದ ಕಪ್ಪು ಸ್ನೀಕರ್ ಸಾಕು, ಪಾಲಿಶ್ ಹೊಡೆಯುವ ಶೂ ಬೇಕಿಲ್ಲ. ಗೋವಾ ದಿನ ಜಾಸ್ತಿ ಜನ ಸಿಕ್ಕಿಬೀಳುವುದು ಹೇಗೆ ಗೊತ್ತಾ? ಹಡಗು ನಿಲ್ಲುವುದು ಮುರಗಾಂವ್ ಬಂದರಿನಲ್ಲಿ. ಅಲ್ಲಿಂದ ಟ್ಯಾಕ್ಸಿ ಹಿಡಿದು ಬೀಚು, ಬೀಚಿನಿಂದ ಪಣಜಿ, ವಾಪಸ್ ಬರುವಾಗ ಟ್ರಾಫಿಕ್ಕು. ಹಡಗು ಹತ್ತುವಷ್ಟರಲ್ಲಿ ಊಟದ ಹೊತ್ತು ಆಗಿರುತ್ತೆ, ಚಡ್ಡಿಯ ಜೇಬಿನ ತುಂಬ ಮರಳು, ಸೀದಾ ಹಾಲ್ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ದಿನ ರೂಮಿಗೆ ಹೋಗಿ ಕಾಲು ತೊಳೆದು ಬಟ್ಟೆ ಬದಲಿಸುವಷ್ಟು ಸಮಯ ಇಟ್ಟುಕೊಂಡು ಬನ್ನಿ. ಮಾಂಡವಿ ನದಿಯ ಕ್ಯಾಸಿನೊ ನೋಡುವ ಆಸೆ ಅವರಿಗಿದ್ದರೆ ಅಲ್ಲೂ ಚಡ್ಡಿ-ಸ್ಲಿಪ್ಪರ್ ಗಂಡಸರನ್ನು ತಡೆಯುತ್ತಾರೆ, ಒಂದು ಪ್ಯಾಂಟು ಬ್ಯಾಗಿನಲ್ಲಿರಲಿ.

ನೀವು ಹೀಲ್ಸ್ ಕೊಳ್ಳಬೇಡಿ. ತೂಗುವ ಹಡಗಿನಲ್ಲಿ ಸಪೂರ ಹಿಮ್ಮಡಿ ಇಟ್ಟುಕೊಂಡು ಮೆಟ್ಟಿಲು ಇಳಿಯುವುದು ಸುಮ್ನೆ ಕಾಲು ಉಳುಕಿಸಿಕೊಳ್ಳುವ ಕೆಲಸ. ಇಳಕಲ್ ಸೀರೆ ಇದ್ದೇ ಇರುತ್ತೆ ನಿಮ್ಮ ಮನೆಯಲ್ಲಿ. ಅದನ್ನು ಉಟ್ಟು, ಚಪ್ಪಟೆ ಚಪ್ಪಲಿಯೋ ಅಗಲ ಹಿಮ್ಮಡಿಯ ಸ್ಯಾಂಡಲ್ಲೋ ಹಾಕಿಕೊಂಡರೆ ಅಮೆರಿಕದ ಹಡಗಿನ ಫಾರ್ಮಲ್ ರಾತ್ರಿಗೂ ಅದಕ್ಕಿಂತ ಒಳ್ಳೆಯದು ಬೇಡ. ಪಕ್ಕದ ಮೇಜಿನವರು ಬಂದು ಫೋಟೊ ಕೇಳುತ್ತಾರೆ, ಅಷ್ಟಕ್ಕೆ ತಯಾರಿರಿ. ಹಾಲ್‌ನಲ್ಲಿ ಏಸಿ ಜೋರು, ತೆಳುವಾದ ಶಾಲು ಒಯ್ಯಿರಿ.

ಹಡಗು ಹತ್ತಿದ ದಿನವೇ ಸುರಕ್ಷತೆಯ ಡ್ರಿಲ್ ಇರುತ್ತೆ. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದ ಮೇಲೆ ನಿಯಮ ಬಿಗಿಯಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದನ್ನು ಮಾಡಲೇಬೇಕು. ಯಾವ ಡೆಕ್‌ನಲ್ಲಿ, ಯಾವ ಮೆಟ್ಟಿಲಿನ ಹತ್ತಿರ ಸೇರಬೇಕು ಅಂತ ತೋರಿಸುತ್ತಾರೆ. ಆ ಹೊತ್ತಿಗೆ ಅಪ್ಪನಿಗೆ ಬೆಲ್ಟ್ ಇರುವ ಎಂಸಿಆರ್ ಹಾಕಿಸಿ, ಅಥಣಿ ಬ್ಯಾಗಿನಲ್ಲಿರಲಿ. ಆ ಬ್ಯಾಗ್ ಕೈಯಲ್ಲೇ ಹಿಡಿದುಕೊಳ್ಳಿ. ಟರ್ಮಿನಲ್‌ನಲ್ಲಿ ಕೊಟ್ಟ ದೊಡ್ಡ ಸೂಟ್‌ಕೇಸ್ ರೂಮಿನ ಬಾಗಿಲಿಗೆ ಬರುವುದು ಕೆಲವೊಮ್ಮೆ ಊಟದ ಹೊತ್ತು ದಾಟಿದ ಮೇಲೆ. ರಾತ್ರಿಯ ಧೋತರ, ಚಪ್ಪಲಿ, ಅಪ್ಪನ ಮಾತ್ರೆ-ಇನ್ಸುಲಿನ್ ಮೂರೂ ಕೈಚೀಲದಲ್ಲೇ ಇರಬೇಕು.